ಅಮೆರಿಕದ ಪೊಟ್ಟಣಗಳ ಬಗ್ಗೆ ನಮ್ಮ ಗ್ರಾಹಕರಿಗೆ

ಮಾಟುಂಗ, ಮುಂಬಯಿ
25 ಅಕ್ಟೋಬರ್ 2025

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಮನೆಯಲ್ಲೇ ತಿಂಡಿ, ಮಸಾಲೆ ಮಾಡುವ 23 ಮನೆಯವರ ಸಾಮಾನನ್ನು ಲಾಭವಿಲ್ಲದೆ ಮಾರುವ, ಹೊರದೇಶಕ್ಕೂ ಕಳಿಸುವ ನಮ್ಮ ಸಂಘ ಮೊದಲು ನಿಮ್ಮ ಕ್ಷಮೆ ಕೇಳಬೇಕು. ಆಗಸ್ಟ್ ಕೊನೆಗೆ ನೀವು ಅಮೆರಿಕದಲ್ಲಿರುವ ನಿಮ್ಮ ಮಕ್ಕಳಿಗೆ ಅಂತ ದುಡ್ಡು ಕಟ್ಟಿದ 41 ಪೊಟ್ಟಣಗಳು ನಮ್ಮ ಗೋಡೌನಿನಲ್ಲೇ ಉಳಿದವು. ಆಗಸ್ಟ್ 25ರಿಂದ ಅಲ್ಲಿಗೆ ಅಂಚೆಯ ಪಾರ್ಸೆಲ್ ನಿಂತಿತ್ತು, ಅದು ನಿಮಗೂ ಗೊತ್ತು. ಆದರೆ ನಿಮಗೆ ಫೋನ್ ಮಾಡಿ ಹೇಳಲು ನಾವು ಹತ್ತು ದಿನ ತಡ ಮಾಡಿದೆವು. ಇವತ್ತು ಶುರುವಾಗುತ್ತೆ, ನಾಳೆ ಶುರುವಾಗುತ್ತೆ ಅಂತ ಕಾಯುತ್ತಾ ಕೂತೆವು. ಆ ತಪ್ಪು ನಮ್ಮದೇ. ಮೆತ್ತಗಾದ ಚಕ್ಕುಲಿಯ ದುಡ್ಡನ್ನು ಹೆಚ್ಚಿನವರಿಗೆ ವಾಪಸ್ ಕೊಟ್ಟಿದ್ದೇವೆ. ಬಾಕಿ ಇರುವವರು ರಸೀದಿ ತನ್ನಿ. ರಸೀದಿ ಕಳೆದಿದ್ದರೂ ಬನ್ನಿ, ನಮ್ಮ ಪುಸ್ತಕದಲ್ಲಿ ನಿಮ್ಮ ಹೆಸರಿದೆ.

ಈಗ ಬದಲಾವಣೆಯ ವಿಷಯ. ಅಕ್ಟೋಬರ್ 15ರಿಂದ ಅಂಚೆ ಮತ್ತೆ ಶುರುವಾಗಿದೆ. ಆದರೆ ಮೊದಲಿನ ಹಾಗಿಲ್ಲ. ಮೊದಲು 800 ಡಾಲರ್ ಒಳಗಿನ ಸಾಮಾನಿಗೆ ಅಮೆರಿಕದಲ್ಲಿ ಸುಂಕವೇ ಇರಲಿಲ್ಲ. ಆಗಸ್ಟ್ 29ರಿಂದ ಆ ರಿಯಾಯಿತಿ ತೆಗೆದುಬಿಟ್ಟರು. 2025ರ ಅಕ್ಟೋಬರ್ ಹೊತ್ತಿಗೆ ನಮ್ಮ ದೇಶದಿಂದ ಅಂಚೆಯಲ್ಲಿ ಹೋಗುವ ಸಾಮಾನಿಗೆ, ಬಿಲ್ಲಿನಲ್ಲಿ ತೋರಿಸಿದ ಬೆಲೆಯ ಮೇಲೆ ನೂರಕ್ಕೆ 50 ಸುಂಕ. ಅದನ್ನು ಅಲ್ಲಿ ನಿಮ್ಮ ಮಗಳು ಕಟ್ಟುವ ಹಾಗಿಲ್ಲ. ಇಲ್ಲಿ ಬುಕ್ ಮಾಡುವಾಗಲೇ ಕಟ್ಟಬೇಕು.

ಹಾಗಾಗಿ ನವೆಂಬರ್ 1ರಿಂದ ಅಮೆರಿಕದ ಆರ್ಡರಿಗೆ ಸುಂಕವನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆದು, ಮುಂಗಡವಾಗಿ ತೆಗೆದುಕೊಳ್ಳುತ್ತೇವೆ. ದಿನಾ ಕಳಿಸುವ ಬದಲು ತಿಂಗಳಿಗೆ ಎರಡೇ ಸಲ ಕಳಿಸುತ್ತೇವೆ. ಸಂಘದ ಸೇವಾ ಶುಲ್ಕ ನೂರಕ್ಕೆ 8 ಇದ್ದದ್ದು 10 ಆಗುತ್ತದೆ. ದುಬೈ ಕಡೆಯವರಿಗೆ ಸುಂಕದಲ್ಲಿ ಏನೂ ಬದಲಾಗಿಲ್ಲ. ಯುಎಇ ಜೊತೆ 2022ರ ಮೇ 1ರಿಂದ ಜಾರಿಯಲ್ಲಿರುವ ಒಪ್ಪಂದದ ಪ್ರಕಾರ, ಸಾಮಾನು ನಮ್ಮ ದೇಶದ್ದೇ ಅನ್ನುವ ಸರ್ಟಿಫಿಕೇಟ್ ಆಫ್ ಒರಿಜಿನ್ ಹಚ್ಚಿ, ನಿಮ್ಮ ಡಬ್ಬಗಳು ಎಂದಿನಂತೆ ಹೋಗುತ್ತವೆ.

ಎರಡು ತಿಂಗಳಿಂದ ಒಂದೇ ಮಾತು ಕೇಳುತ್ತಿದ್ದೇವೆ. ಕೌಂಟರಿನಲ್ಲಿ, ಫೋನಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲೂ. "ಲಾಭಕ್ಕಲ್ಲ ಅಂತೀರಿ, ಮತ್ತೆ ರೇಟು ಯಾಕೆ ಏರಿಸ್ತೀರಿ?" ಈ ಮಾತು ನಮಗೆ ನೋವು ಕೊಟ್ಟಿದೆ. ಅದಕ್ಕೇ ಲೆಕ್ಕ ಇಡುತ್ತೇನೆ, ನೀವೇ ನೋಡಿ.

ನೀವು 2000 ರೂಪಾಯಿಯ ಖಾರಪುಡಿ, ಶೇಂಗಾ ಚಟ್ನಿ, ಹಪ್ಪಳ ತೆಗೆದುಕೊಂಡಿರಿ ಅನ್ನಿ. ಆ 2000 ಪೂರ್ತಿ ಮಾಡಿದವರ ಮನೆಗೆ ಹೋಗುತ್ತದೆ. ಸುಂಕ 1000. ಅದರಲ್ಲಿ ಒಂದು ರೂಪಾಯಿಯೂ ನಮ್ಮ ಪೆಟ್ಟಿಗೆಗೆ ಬರುವುದಿಲ್ಲ. ಅಂಚೆ ದರ ಏರಿಲ್ಲ. ನಮ್ಮ ಶುಲ್ಕ 160 ಇದ್ದದ್ದು 200. ನಾವು ಏರಿಸಿದ್ದು 40 ರೂಪಾಯಿ. ಬೈಸಿಕೊಳ್ಳುತ್ತಿರುವುದು 1040ಕ್ಕೆ.

ಆ 200 ರೂಪಾಯಿ ಎಲ್ಲಿಗೆ ಹೋಗುತ್ತೆ ಅಂತಲೂ ಹೇಳುತ್ತೇನೆ. ನಮ್ಮ 23 ಮನೆಯವರು ಗದಗ, ಬಾಗಲಕೋಟೆ, ಕುಂದಾಪುರದ ಕಡೆಯಿಂದ ಬಂದು ಡೊಂಬಿವಲಿ, ಕಲ್ಯಾಣ, ಮೀರಾ ರೋಡಿನಲ್ಲಿ ಸಂಸಾರ ಹೂಡಿದವರು. ಅಡುಗೆಮನೆಯಲ್ಲೇ ಕೆಲಸ. ಇಲ್ಲಿ ಮಾರಲು ಅವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ, ವರ್ಷಕ್ಕೆ 100 ರೂಪಾಯಿಯ ಎಫ್‌ಎಸ್‌ಎಸ್‌ಎಐ ನೋಂದಣಿ ಸಾಕು. ಹೊರದೇಶಕ್ಕೆ ಕಳಿಸಬೇಕಾದರೆ ಕೇಂದ್ರದ ಲೈಸೆನ್ಸ್ ಬೇಕು, ಅದು ವರ್ಷಕ್ಕೆ 7500. ಜೊತೆಗೆ ಆಮದು-ರಫ್ತು ಮಾಡುವವರಿಗೆ ಬೇಕಾದ ಐಇಸಿ ನಂಬರ್, ಖಾರಪುಡಿಗೆ ಸ್ಪೈಸಸ್ ಬೋರ್ಡಿನ ನೋಂದಣಿ, ತಿಂಡಿ ಹೊರಡುವ ಮುಂಚೆ ಅಮೆರಿಕದ ಆಹಾರ ಇಲಾಖೆ ಎಫ್‌ಡಿಎಗೆ ಮುನ್ಸೂಚನೆ. ಅರ್ಜಿಯೆಲ್ಲ ಇಂಗ್ಲಿಷಿನಲ್ಲಿ. ಶೇಂಗಾ ಹುರಿಯುವ ಅಕ್ಕ ಇದನ್ನೆಲ್ಲ ಒಬ್ಬಳೇ ಹೇಗೆ ಮಾಡಬೇಕು, ಹೇಳಿ? ಎಲ್ಲವನ್ನೂ ಸಂಘ ತನ್ನ ಹೆಸರಿನಲ್ಲಿ ಮಾಡಿಸಿಕೊಂಡಿದೆ.

ಆಮೇಲೆ ಲ್ಯಾಬ್ ಖರ್ಚು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ, ಅಂದರೆ ಆ ಊರಿನ ಬೆಳೆ ಅನ್ನುವ ಗುರುತು, ಸಿಕ್ಕಿದೆ, ಬಣ್ಣ ಹಾಕುವ ಅಗತ್ಯವೇ ಇಲ್ಲದ ಕಾಯಿ ಅದು. ಆದರೂ ಪ್ರತಿ ಬ್ಯಾಚಿಗೆ ಸುಡಾನ್ ಎಂಬ ಕೃತಕ ಬಣ್ಣದ ಪರೀಕ್ಷೆ, ಬೂಸ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷದ ಪರೀಕ್ಷೆ ಮಾಡಿಸುತ್ತೇವೆ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್‌ನವರು ನಮ್ಮ ದೇಶದ ಕೆಲವು ಮಸಾಲೆಗಳಲ್ಲಿ ಎಥಿಲೀನ್ ಆಕ್ಸೈಡ್ ಎಂಬ ಕ್ರಿಮಿನಾಶಕ ಸಿಕ್ಕಿತು ಅಂತ ಮಾರಾಟ ನಿಲ್ಲಿಸಿದ ಮೇಲೆ, ಅದರ ಪರೀಕ್ಷೆಯೂ ಸೇರಿತು. ಇದರಲ್ಲಿ ಉಳಿತಾಯ ಮಾಡಲು ನಾವು ತಯಾರಿಲ್ಲ. ಇಷ್ಟು ವರ್ಷದಲ್ಲಿ ನಮ್ಮ ಒಂದು ಬ್ಯಾಚೂ ಪರೀಕ್ಷೆಯಲ್ಲಿ ಫೇಲ್ ಆಗಿಲ್ಲ. ಇದನ್ನು ಹೇಳುವಾಗ ಎದೆ ಉಬ್ಬುತ್ತದೆ. ಉಳಿದದ್ದು ಗೋಡೌನ್ ಬಾಡಿಗೆ, ಪ್ಯಾಕಿಂಗ್ ಮಾಡುವ ಇಬ್ಬರ ಪಗಾರ. ಸಮಿತಿಯವರು ಯಾರೂ ಏನೂ ತೆಗೆದುಕೊಳ್ಳುವುದಿಲ್ಲ, ರೈಲಿನ ಪಾಸು ಕೂಡ ಸ್ವಂತದ್ದು.

"ಮಾಡುವವರಿಗೆ ಸ್ವಲ್ಪ ಕಡಿಮೆ ಕೊಡಿ, ಸರಿಹೋಗುತ್ತೆ" ಅಂತ ಕೆಲವರು ಸಲಹೆ ಕೊಟ್ಟರು. ಅದು ನಮ್ಮಿಂದ ಆಗುವುದಿಲ್ಲ. ಪಾರ್ಸೆಲ್ ನಿಂತ ಏಳು ವಾರ ಆ ಮನೆಗಳಿಗೆ ಆರ್ಡರೇ ಇರಲಿಲ್ಲ. ಒಬ್ಬರು ಹೊಸ ಗ್ರೈಂಡರಿನ ಕಂತು ಕಟ್ಟಲು ಬಳೆ ಅಡವಿಟ್ಟಿದ್ದಾರೆ. ಅವರ ರೇಟಿಗೆ ಕೈ ಹಾಕುವುದಾದರೆ ಈ ಸಂಘ ಯಾಕೆ ಬೇಕು?

ಇನ್ನು ಕೆಲವರು "ಗಿಫ್ಟ್ ಅಂತ ಬರೆದುಬಿಡಿ" ಅನ್ನುತ್ತಾರೆ. ನಾವು ಮಾರಿದ ಸಾಮಾನಿಗೆ ಹಾಗೆ ಬರೆಯುವುದು ಸುಳ್ಳು. ಸಿಕ್ಕಿಬಿದ್ದರೆ ಸಂಘದ ಲೈಸೆನ್ಸಿಗೂ, ಅದನ್ನೇ ನಂಬಿದ 23 ಮನೆಗೂ ತೊಂದರೆ. ಆದರೆ ಒಂದು ದಾರಿ ಇದೆ. 100 ಡಾಲರ್ ಒಳಗೆ ನಿಜವಾದ ಉಡುಗೊರೆಗೆ ಈಗಲೂ ಸುಂಕ ಇಲ್ಲ. ಸಾಮಾನು ಇಲ್ಲಿ ತೆಗೆದುಕೊಂಡು, ನೀವೇ ಅಂಚೆ ಕಚೇರಿಗೆ ಹೋಗಿ, ನಿಮ್ಮ ಹೆಸರಿನಲ್ಲಿ ಮೊಮ್ಮಗನಿಗೆ ಕಳಿಸಿ. ನಮ್ಮ ಶುಲ್ಕ ತಪ್ಪುತ್ತದೆ, ತಪ್ಪಲಿ. ಗಟ್ಟಿಯಾಗಿ ಪ್ಯಾಕ್ ಮಾಡಿ ಕೊಡುತ್ತೇವೆ, ಅದಕ್ಕೆ ದುಡ್ಡು ಬೇಡ.

ಬೆಲೆ ಇಳಿದದ್ದನ್ನೂ ಹೇಳಬೇಕು. ಸೆಪ್ಟೆಂಬರ್ 22ರಿಂದ ಚಕ್ಕುಲಿ, ಖಾರ ಮಿಕ್ಸ್‌ಚರಿನ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಅದನ್ನು ಕೌಂಟರಿನ ಬೆಲೆಯಲ್ಲಿ ಅವತ್ತೇ ಇಳಿಸಿದ್ದೇವೆ. ಖಾರಪುಡಿಗೆ ಮೊದಲೂ 5, ಈಗಲೂ 5. ಹಪ್ಪಳಕ್ಕೆ ಮೊದಲಿಂದಲೂ ಇಲ್ಲ.

ಲೆಕ್ಕದ ಪುಸ್ತಕ ಕೌಂಟರಿನಲ್ಲೇ ಇದೆ, ಯಾರು ಬೇಕಾದರೂ ತೆಗೆದು ನೋಡಿ. ಗುರುವಾರ ಸಂಜೆ 5ರಿಂದ 8ರವರೆಗೆ ನಾನೇ ಇರುತ್ತೇನೆ. ಕೋಪ ಇದ್ದರೂ ಬನ್ನಿ, ಚಹಾ ಕುಡಿದು ಮಾತಾಡೋಣ. ಮುಂದಿನ ಪಾರ್ಸೆಲ್ ನವೆಂಬರ್ 12ಕ್ಕೆ ಹೊರಡುತ್ತದೆ. 8ರೊಳಗೆ ಆರ್ಡರ್ ಕೊಡಿ. ಅಲ್ಲಿನ ವಿಳಾಸದ ಜೊತೆ ಮಕ್ಕಳ ಫೋನ್ ನಂಬರ್ ಮರೆಯಬೇಡಿ.

ಸಂಘದ ಪರವಾಗಿ,
ಕಾರ್ಯದರ್ಶಿ