ರಜಪೂತ್ ಹಡಗಿನ ಪುಸ್ತಕ ಅಚ್ಚಾಯಿತು, ಕೈಜೋಡಿಸಿದ ಎಲ್ಲರಿಗೂ ವಂದನೆ

ಪುಸ್ತಕ ಕೊನೆಗೂ ಅಚ್ಚಾಗಿ ಬಂದಿದೆ. ಐಎನ್‌ಎಸ್ ರಜಪೂತ್ ಎಂಬ ಹಳೇ ಡಿಸ್ಟ್ರಾಯರ್ (ವೇಗದ ಯುದ್ಧನೌಕೆ) ಹಡಗಿನ ಕಥೆ, ಕನ್ನಡದಲ್ಲಿ. ದಪ್ಪ ಪುಸ್ತಕವೇನಲ್ಲ. ಕಾರವಾರದಲ್ಲಿ ಬಸ್ ಹತ್ತಿ ಅಂಕೋಲಾದಲ್ಲಿ ಇಳಿಯುವಷ್ಟರಲ್ಲಿ ಅರ್ಧ ಓದಬಹುದು. ಆದರೆ ಒಂದೊಂದು ಪುಟಕ್ಕೂ ಯಾರದೋ ಋಣವಿದೆ. ಹೆಸರು ಹಾಕುತ್ತೇನೆ ಎಂದರೆ ಮುಕ್ಕಾಲು ಮಂದಿ ಬೇಡವೇ ಬೇಡ ಎಂದರು. ಹಾಗಾಗಿ ಹೆಸರಿಲ್ಲದೆಯೇ ಇಲ್ಲಿ ಹೇಳಿಬಿಡುತ್ತೇನೆ.

ಮೊದಲು ದೊಡ್ಡಮ್ಮ. ದೊಡ್ಡಪ್ಪ ಈ ಹಡಗಿನ ಬಾಯ್ಲರ್ ರೂಮಿನಲ್ಲಿ ಬೆಂಕಿ ನೋಡಿಕೊಳ್ಳುವ ಸ್ಟೋಕರ್ ಆಗಿದ್ದವರು. ಅವರು ಬರೆದ ಕಾಗದಗಳನ್ನೆಲ್ಲ ದೊಡ್ಡಮ್ಮ ಜೋಪಾನ ಮಾಡಿದ್ದರು. ಆಸೆಯಿಂದ ಬಿಚ್ಚಿ ಓದಿದರೆ ಹಡಗಿನ ಬಗ್ಗೆ ಒಂದಕ್ಷರವೂ ಇಲ್ಲ! ಹಣ ಮುಟ್ಟಿತೇ, ಎಮ್ಮೆ ಕರು ಹಾಕಿತೇ, ಅಪ್ಪನ ಕಾಲುನೋವು ಹೇಗಿದೆ, ಇಷ್ಟೇ. ಹಡಗು ಎಲ್ಲಿದೆ, ಎಲ್ಲಿಗೆ ಹೊರಟಿದೆ ಎಂದು ಮನೆಗೆ ಬರೆಯುವ ಹಾಗಿರಲಿಲ್ಲವಲ್ಲ. ನನಗೆ ದಾರಿ ತೋರಿಸಿದ್ದು ಅದೇ ಕಟ್ಟಿನಲ್ಲಿದ್ದ ಮನಿ ಆರ್ಡರ್ ಕೂಪನ್‌ಗಳು. ಮುಂಬಯಿ, ಕೊಚ್ಚಿ, ವಿಶಾಖಪಟ್ಟಣ ಎಂದು ಅವುಗಳ ಮೇಲೆ ಅಂಚೆ ಮುದ್ರೆ, ತಾರೀಕು ಎಲ್ಲ ಇತ್ತು. ಅವನ್ನು ಸಾಲಾಗಿ ಜೋಡಿಸಿದ ಮೇಲೆಯೇ ಉಳಿದ ಕೆಲಸ ಶುರುವಾಗಿದ್ದು. ದೊಡ್ಡಮ್ಮಾ, ಒಂದು ಚೀಟಿಯನ್ನೂ ನೀವು ಒಲೆಗೆ ಹಾಕಲಿಲ್ಲ. ಈ ಪುಸ್ತಕ ನಿಮ್ಮದು.

ಎರಡನೆಯವರು ಶೆಫೀಲ್ಡ್‌ನಲ್ಲಿ ನರ್ಸ್ ಆಗಿರುವ ನಮ್ಮ ಹೊನ್ನಾವರದ ಕಡೆಯ ಹುಡುಗಿ. ರಜಪೂತ್ ಹುಟ್ಟಿದ್ದು ನಮ್ಮ ದೇಶದಲ್ಲಲ್ಲ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ಜಾನ್ ಬ್ರೌನ್ ಕಂಪನಿ ಕಟ್ಟಿದ ಹಡಗು ಅದು. ಕ್ವೀನ್ ಮೇರಿಯಂಥ ಐಷಾರಾಮಿ ಹಡಗು ಕಟ್ಟಿದ ಅದೇ ಯಾರ್ಡ್. 1942ರ ಮಾರ್ಚ್‌ನಲ್ಲಿ ನೀರಿಗಿಳಿದು ಆಗಸ್ಟ್‌ನಲ್ಲಿ ಸೇವೆಗೆ ಬಂದಾಗ ಅದರ ಹೆಸರು ಎಚ್‌ಎಂಎಸ್ ರೋದರ್‌ಹ್ಯಾಮ್. ಇಂಗ್ಲೆಂಡಿನ ರೋದರ್‌ಹ್ಯಾಮ್ ಊರಿನವರು ಯುದ್ಧದ ಹೊತ್ತಲ್ಲಿ ಉಳಿತಾಯದ ಹಣ ಒಟ್ಟು ಮಾಡಿ ಈ ಹಡಗನ್ನು ದತ್ತು ಪಡೆದಿದ್ದರು. ಶೆಫೀಲ್ಡ್‌ನಿಂದ ಅದು ಪಕ್ಕದ ಊರು. ರಜೆಯ ದಿನ ನಿದ್ದೆ ಬಿಟ್ಟು ಅಲ್ಲಿಗೆ ಹೋಗಿ, ಹಳೇ ಪತ್ರಿಕೆಗಳ ಫೋಟೊ ತೆಗೆದು ಕಳಿಸಿದ್ದು ಈ ಹುಡುಗಿ. ನನ್ನ ಮುಖವನ್ನೂ ನೋಡಿಲ್ಲ ಅವಳು.

ಆ ಕಾಲದ ಲೆಕ್ಕದಲ್ಲಿ ಹಡಗು ಚುರುಕಾಗಿತ್ತು. ನಾಲ್ಕು 4.7 ಇಂಚಿನ ತೋಪು, ಎಂಟು ಟಾರ್ಪಿಡೊ ಕೊಳವೆ, 36 ನಾಟ್ ವೇಗ. ಅಂದರೆ ಗಂಟೆಗೆ ಸುಮಾರು 67 ಕಿಲೋಮೀಟರ್. ಹಿಂದೂ ಮಹಾಸಾಗರದಲ್ಲಿ ಬ್ರಿಟಿಷರ ಈಸ್ಟರ್ನ್ ಫ್ಲೀಟ್ ಜೊತೆ ದುಡಿದು, 1944ರಲ್ಲಿ ಜಪಾನೀಯರ ಕೈಲಿದ್ದ ಸುಮಾತ್ರದ ಸಬಾಂಗ್ ಬಂದರಿನ ಮೇಲೆ ನಡೆದ ದಾಳಿಗಳಲ್ಲಿ ದೊಡ್ಡ ಹಡಗುಗಳಿಗೆ ಕಾವಲು ಹೋಗಿತ್ತು. 1945ರ ಸೆಪ್ಟೆಂಬರ್‌ನಲ್ಲಿ ಜಪಾನೀಯರಿಂದ ಸಿಂಗಪುರದ ನೌಕಾನೆಲೆಯನ್ನು ವಾಪಸ್ ಪಡೆದಾಗಲೂ ರೋದರ್‌ಹ್ಯಾಮ್ ಅಲ್ಲಿತ್ತು. ಆ ನೆಲೆಯ ಒಂದು ಗೇಟಿಗೆ ಹಡಗಿನ ಹೆಸರನ್ನೇ ಇಟ್ಟರು. ನಮ್ಮ ನೌಕಾಪಡೆಗೆ ಬಂದು ರಜಪೂತ್ ಆಗಿದ್ದು 1949ರ ಜುಲೈನಲ್ಲಿ. ಅದೇ ವರ್ಗದ ರಿಡೌಟ್ ಹಡಗು ರಂಜಿತ್ ಆಯಿತು, ರೈಡರ್ ಹಡಗು ರಾಣಾ ಆಯಿತು.

ಇಷ್ಟನ್ನು ಕಾಗದ ನೋಡಿ ಯಾರು ಬೇಕಾದರೂ ಬರೆಯಬಹುದು. ಬಾಯ್ಲರ್ ರೂಮಿನ ಅಧ್ಯಾಯ ಹಾಗಲ್ಲ. ಅದಕ್ಕೆ ದೊಡ್ಡಪ್ಪನ ಜೊತೆ ದುಡಿದ ಹಿರಿಯರ ಬಾಯಿಂದಲೇ ಕೇಳಬೇಕಿತ್ತು. ಒಬ್ಬರು ಕುಮಟಾದವರು, ಇಬ್ಬರು ಕೇರಳದವರು. ಎಲ್ಲರಿಗೂ ಎಂಬತ್ತು ದಾಟಿದೆ. ಒಬ್ಬರಿಗೆ ಕಿವಿ ಪೂರ್ತಿ ಹೋಗಿದೆ. ಬರೆದು ತೋರಿಸಿದರೆ ಗಟ್ಟಿಯಾಗಿ ಉತ್ತರ ಹೇಳುತ್ತಿದ್ದರು.

ಅವರು ಹೇಳಿದ್ದು ಹೀಗೆ. ಎರಡು ಬಾಯ್ಲರ್. 40,000 ಅಶ್ವಶಕ್ತಿಯ ಟರ್ಬೈನ್‌ಗಳಿಗೆ ಆವಿ ಕೊಡಬೇಕು. ಉರಿಸುವುದು ಕಲ್ಲಿದ್ದಲಲ್ಲ, ಫರ್ನೇಸ್ ಎಣ್ಣೆ. ಬೆಂಕಿ ಚೆನ್ನಾಗಿ ಹಿಡಿಯಲಿ ಎಂದು ದೊಡ್ಡ ಫ್ಯಾನ್‌ಗಳು ಇಡೀ ಕೋಣೆಗೆ ಗಾಳಿ ತುಂಬುತ್ತವೆ, ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಜಾಸ್ತಿ. ಅದಕ್ಕೇ ಒಳಗೆ ಹೋಗಲು ಎರಡು ಬಾಗಿಲು. ಮೊದಲನೆಯದನ್ನು ಭದ್ರವಾಗಿ ಮುಚ್ಚಿದ ಮೇಲೆಯೇ ಎರಡನೆಯದನ್ನು ತೆರೆಯಬೇಕು. ಎರಡೂ ಒಟ್ಟಿಗೆ ತೆರೆದರೆ ಒತ್ತಡ ಇಳಿದು ಬೆಂಕಿ ಬಾಯ್ಲರ್ ಬಾಯಿಂದ ಹೊರಗೆ ಚಾಚುತ್ತದೆ. ಚಿಮಣಿಯಲ್ಲಿ ಕಪ್ಪು ಹೊಗೆ ಎದ್ದರೆ ಮೇಲಿನಿಂದ ಬೈಗುಳ. ಯಾಕೆಂದರೆ ಹೊಗೆ ದೂರದ ಶತ್ರುವಿಗೂ ಕಾಣುತ್ತದೆ. ಬೆಳಕು ಕಾಣದ ಆ ಕೋಣೆಯಲ್ಲಿ ನಾಲ್ಕು ತಾಸು ಪಾಳಿ ಮುಗಿಸಿ ಬಂದರೆ ಬನಿಯನ್ ಹಿಂಡಬಹುದಿತ್ತಂತೆ. ದೊಡ್ಡಪ್ಪ ರಿಟೈರ್ ಆದ ಮೇಲೂ ಮನೆಯಲ್ಲಿ ಒಂದು ಬಾಗಿಲು ಮುಚ್ಚದೆ ಇನ್ನೊಂದನ್ನು ತೆರೆದವರಿಗೆ ಯಾಕೆ ಗದರುತ್ತಿದ್ದರು ಎಂದು ನಮಗೆ ಅವತ್ತು ಗೊತ್ತಾಯಿತು! ಹಿರಿಯರೇ, ಮೂವರಿಗೂ ಸಾಷ್ಟಾಂಗ ನಮಸ್ಕಾರ.

ಕಾರವಾರ, ಬಿಣಗಾ ಕಡೆಯ ಮೀನುಗಾರ ಹಿರಿಯರಿಗೂ ವಂದನೆ ಹೇಳಲೇಬೇಕು. 1961ರ ನವೆಂಬರ್‌ನಲ್ಲಿ ಕಾರವಾರದ ಹತ್ತಿರದ ಅಂಜುದೀವ್ ದ್ವೀಪದಲ್ಲಿದ್ದ ಪೋರ್ಚುಗೀಸರು (ಗೋವಾ ಆಗ ಅವರ ಕೈಲಿತ್ತು) ಸಾಬರಮತಿ ಎಂಬ ಹಡಗಿನ ಮೇಲೆ, ಆಮೇಲೆ ಮೀನು ದೋಣಿಯ ಮೇಲೆ ಗುಂಡು ಹಾರಿಸಿದರು. ಮೀನುಗಾರರೊಬ್ಬರು ಸತ್ತರು. ಅದಾದ ಮೇಲೆ ಗೋವಾ ಕರಾವಳಿಯಲ್ಲಿ ಪಹರೆ ನಿಂತ ನಮ್ಮ ಹಡಗುಗಳಲ್ಲಿ ರಜಪೂತ್ ಒಂದು, ಕೃಪಾಣ್ ಇನ್ನೊಂದು. ಗೋವಾ ಬಿಡಿಸುವ ಕಾರ್ಯಾಚರಣೆಯಲ್ಲಿ ಡಿಸೆಂಬರ್ 18ರಂದು ತ್ರಿಶೂಲ್, ಮೈಸೂರು ಹಡಗುಗಳು ಅಂಜುದೀವ್‌ಗೆ ಜನ ಇಳಿಸಿದಾಗ ಏಳು ನಾವಿಕರು ಪ್ರಾಣ ಕೊಟ್ಟರು. ದೊಡ್ಡಪ್ಪ ಆಗ ರಜಪೂತ್‌ನಲ್ಲಿದ್ದರು, ಮನೆಗೆ ಅಷ್ಟು ಹತ್ತಿರ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಇನ್ನು ಎಲ್ಲರೂ ಕೇಳುವ ಗಾಜಿ ವಿಷಯ. ಪುಸ್ತಕ ಬರೆಯುತ್ತೇನೆ ಎಂದಾಗಿನಿಂದ ಸಿಕ್ಕವರೆಲ್ಲ ಕೇಳಿದ್ದು ಅದೊಂದೇ. ಹಡಗು ಮೂವತ್ತು ವರ್ಷಕ್ಕೂ ಜಾಸ್ತಿ ಓಡಿದೆ ಮಾರಾಯ್ರೆ, ಗಾಜಿಯದ್ದು ಕೆಲವು ನಿಮಿಷಗಳ ಮಾತು! ಇರಲಿ. ವಿಶಾಖಪಟ್ಟಣದಲ್ಲಿ ನೆಲೆಸಿರುವ ನಿವೃತ್ತ ನಾವಿಕರೊಬ್ಬರು ಆ ಊರಿನ ಬಂದರಿನ ಒಳದಾರಿಯನ್ನು ನಕ್ಷೆ ಬರೆದು ತಿಳಿಸಿದರು. 1971ರಲ್ಲಿ ಪಾಕಿಸ್ತಾನದ ಸಬ್‌ಮರೀನ್ ಗಾಜಿ ನಮ್ಮ ವಿಮಾನವಾಹಕ ಹಡಗು ವಿಕ್ರಾಂತ್ ಅನ್ನು ಹುಡುಕಿ ಬಂಗಾಳ ಕೊಲ್ಲಿಗೆ ಬಂತು. ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಅವರು ವಿಕ್ರಾಂತ್ ಅನ್ನು ಅಂಡಮಾನ್ ಕಡೆ ಬಚ್ಚಿಟ್ಟು, ಮುದಿ ರಜಪೂತ್‌ಗೆ ವಿಕ್ರಾಂತ್ ವೇಷ ಹಾಕಿಸಿದರು. ವೈರ್‌ಲೆಸ್‌ನಲ್ಲಿ ದೊಡ್ಡ ಹಡಗಿನಷ್ಟು ಮಾತುಕತೆ. ಪೇಟೆಯಲ್ಲಿ ದೊಡ್ಡ ಪಡೆಗೆ ಸಾಕಾಗುವಷ್ಟು ಮಾಂಸ, ತರಕಾರಿಗೆ ಆರ್ಡರ್. ಗೂಢಚಾರರ ಕಿವಿಗೆ ಬೀಳಲಿ ಎಂದೇ ಇದೆಲ್ಲ.

ಡಿಸೆಂಬರ್ 3ರ ನಡುರಾತ್ರಿಗೆ ಸ್ವಲ್ಪ ಮುಂಚೆ ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್ ನೇತೃತ್ವದಲ್ಲಿ ರಜಪೂತ್ ಬಂದರು ಬಿಟ್ಟಿತು. ನೀರಿನಲ್ಲಿ ಅನುಮಾನ ಬರುವಂಥ ಕದಲಿಕೆ ಕಂಡು ಎರಡು ಡೆಪ್ತ್ ಚಾರ್ಜ್ (ನೀರಿನಾಳದಲ್ಲಿ ಸಿಡಿಯುವ ಬಾಂಬು) ಹಾಕಿದರು. ಸ್ವಲ್ಪ ಹೊತ್ತಿಗೆ ದೊಡ್ಡ ಸ್ಫೋಟ ಊರನ್ನು ನಡುಗಿಸಿತು. ಆಮೇಲೆ ನಮ್ಮ ಮುಳುಗುಗಾರರು ತಳದಲ್ಲಿ ಗಾಜಿಯನ್ನು ಕಂಡರು. ಅದರಲ್ಲಿದ್ದ 90ಕ್ಕೂ ಹೆಚ್ಚು ಜನರಲ್ಲಿ ಯಾರೂ ಉಳಿಯಲಿಲ್ಲ. ಗಾಜಿ ಕೂಡ ಎರಡನೇ ಮಹಾಯುದ್ಧದ ಕಾಲದ್ದು, ಅಮೆರಿಕದ ಡಯಾಬ್ಲೊ. ಬೇರೆಯವರ ಯುದ್ಧಕ್ಕೆಂದು, ಒಂದೇ ಪಕ್ಷದವರು ಕಟ್ಟಿದ ಎರಡು ಹಡಗು ನಮ್ಮ ಕಡಲಿನಲ್ಲಿ ಎದುರಾದವು.

ನಮ್ಮ ನೌಕಾಪಡೆ ಇದರ ಶ್ರೇಯವನ್ನು ರಜಪೂತ್‌ಗೆ ಕೊಡುತ್ತದೆ. ಗಾಜಿ ತಾನೇ ನೀರಿನಲ್ಲಿ ಇಟ್ಟ ಸಿಡಿಗುಂಡಿನಿಂದಲೋ (ಮೈನ್) ಒಳಗಿನ ಸ್ಫೋಟದಿಂದಲೋ ಮುಳುಗಿತು ಎನ್ನುತ್ತದೆ ಪಾಕಿಸ್ತಾನ. ನಮ್ಮ ಹಿರಿಯ ಅಧಿಕಾರಿಗಳಲ್ಲೂ ಕೆಲವರಿಗೆ ಅನುಮಾನವಿದೆ. ನಾನು ಎಲ್ಲವನ್ನೂ ಬರೆದೆ. ಕರಡು ಓದಿದ ಕೆಲವರು ಇದನ್ನು ತೆಗೆದುಹಾಕು, ದೇಶದ ವಿಚಾರ ಎಂದರು. ಅವರ ಕಾಳಜಿಗೆ ವಂದನೆ, ಆದರೆ ತೆಗೆಯಲಿಲ್ಲ. "ಎರಡೂ ಬರಿ, ಓದೋರು ದಡ್ಡರಲ್ಲ" ಎಂದು ಧೈರ್ಯ ಕೊಟ್ಟಿದ್ದು ಅದೇ ವಿಶಾಖಪಟ್ಟಣದ ಹಿರಿಯರು. ಆ ಮಾತಿಗೆ ಅವರಿಗೆ ಎಷ್ಟು ವಂದನೆ ಹೇಳಿದರೂ ಕಡಿಮೆಯೇ.

ಫೋಟೊಗಳನ್ನು ಸೋಸಿಕೊಟ್ಟ ಗೆಳೆಯನಿಗೂ ಥ್ಯಾಂಕ್ಸ್. 1976ರಲ್ಲಿ ಈ ಹಡಗು ಸೇವೆ ಮುಗಿಸಿ ಗುಜರಿಗೆ ಹೋದ ಮೇಲೆ, 1980ರಲ್ಲಿ ಸೋವಿಯತ್ ದೇಶದಿಂದ ಬಂದ ಹೊಸ ಹಡಗಿಗೂ ರಜಪೂತ್ ಎಂದೇ ಹೆಸರಿಟ್ಟರು. 2021ರ ಮೇನಲ್ಲಿ ಅದೂ ನಿವೃತ್ತಿಯಾಯಿತು. ಗಾಜಿ ಕಥೆಯ ಜೊತೆ ಹಂಚುವ ಫೋಟೊ ಎಷ್ಟೋ ಸಲ ಈ ಎರಡನೆಯದರದ್ದು. ಗುರುತು ಸುಲಭ: ಒಂದೇ ಚಿಮಣಿ ಇದ್ದರೆ ಅದು ನಮ್ಮದು.

ಡಿಟಿಪಿ ಮಾಡಿದ ತಂಗಿಗೆ, ಸಾಲ ಹೇಳಿ ಅಚ್ಚು ಹಾಕಿದ ಪ್ರೆಸ್ಸಿನವರಿಗೆ, ಊಟದ ಹೊತ್ತಲ್ಲೂ ಹಡಗಿನ ಸುದ್ದಿ ಕೇಳಿ ಕೇಳಿ ಸುಸ್ತಾದ ಮನೆಯವರಿಗೆ ಪ್ರೀತಿಯ ನಮಸ್ಕಾರ.

ಮುಂದಿನದು ರಂಜಿತ್ ಮತ್ತು ರಾಣಾ. ಆ ಹಡಗುಗಳಲ್ಲಿ ದುಡಿದವರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ ದಯವಿಟ್ಟು ತಿಳಿಸಿ. ಅಡುಗೆಯವರು, ಸಿಗ್ನಲ್‌ನವರು, ಸ್ಟೋಕರ್‌ಗಳು ಯಾರಾದರೂ ಸರಿ. ಎಲ್ಲಿದ್ದರೂ ನಾನೇ ಬರುತ್ತೇನೆ. ಹಳೇ ಮನಿ ಆರ್ಡರ್ ಕೂಪನ್ ಇದ್ದರೆ ಎಸೆಯಬೇಡಿ.