ಸೋಮವಾರದ ಭಜನೆ ಮತ್ತು ಒಪ್ಪಿಗೆ ಪತ್ರದ ಬಗ್ಗೆ

ಪ್ರಿಯ ಪೋಷಕರೇ,

ನಮಸ್ಕಾರ. ಹೋದ ವಾರ ಮಕ್ಕಳ ಕೈಯಲ್ಲಿ ಕಳಿಸಿದ ಒಪ್ಪಿಗೆ ಪತ್ರ ನೋಡಿ ನಿಮ್ಮಲ್ಲಿ ಹಲವರಿಗೆ ಬೇಸರವಾಗಿದೆ. ಕೆಲವರು ಫೋನ್ ಮಾಡಿದಿರಿ. ಕೆಲವರು ಗೇಟಿನ ಹತ್ತಿರವೇ ನಿಲ್ಲಿಸಿ, "ಮಠದ ಶಾಲೆಯಲ್ಲೇ ಭಜನೆ ನಿಲ್ಲಿಸ್ತೀರಾ ಮೇಡಂ?" ಎಂದು ಕೇಳಿದಿರಿ.

ಭಜನೆ ನಿಲ್ಲುವುದಿಲ್ಲ. ಸೋಮವಾರದ ಮಂಗಳಾರತಿ, ವಿಭೂತಿ, ಪ್ರಸಾದ ಎಲ್ಲವೂ ಎಂದಿನಂತೆ ಇರುತ್ತವೆ. ನಾವು ಕೇಳಿದ್ದು ಒಂದೇ: ನಿಮ್ಮ ಮಗು ಅದರಲ್ಲಿ ಕೂರಬೇಕೋ ಬೇಡವೋ, ನೀವೇ ತಿಳಿಸಿ.

ಆದದ್ದು ಇಷ್ಟು. ಒಂದು ಸೋಮವಾರ ನಮ್ಮ ಶಾಲೆಯ ಒಂದು ಮಗು, "ಮನೆಯಲ್ಲಿ ಭಜನೆಗೆ ಕೂರಬೇಡ ಅಂದಿದ್ದಾರೆ" ಎಂದು ಶಿಕ್ಷಕರಿಗೆ ಹೇಳಿತು. ಯಾರೂ ಗದರಲಿಲ್ಲ. ಆದರೆ ಎಲ್ಲಿ ಕೂರಬೇಕು ಎಂದೂ ಯಾರೂ ಹೇಳಲಿಲ್ಲ. ಭಜನೆ ಮುಗಿಯುವ ತನಕ ಆ ಮಗು ಪ್ರಾರ್ಥನಾ ಮಂದಿರದ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ, ಒಂದೇ ನಿಂತಿತ್ತು. ಮಾರನೇ ದಿನ ತಂದೆ ಬಂದರು. ಜಗಳ ಆಡಲಿಲ್ಲ. "ನಮ್ಮನ್ನು ಒಂದು ಮಾತು ಕೇಳಬಹುದಿತ್ತು" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.

ನಮ್ಮ ಶಿಕ್ಷಕರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದನ್ನು ಎದೆ ತಟ್ಟಿ ಹೇಳುತ್ತೇನೆ. ಎಲ್ಲರೂ ಕೂರುತ್ತಾರೆ ಎಂದೇ ಇಷ್ಟು ವರ್ಷ ನಡೆದು ಬಂದಿದೆ, ಯಾರೂ ಬೇಡ ಅಂದಿರಲಿಲ್ಲ. ಆದರೆ ಯಾರೂ ಬೇಡ ಅನ್ನಲಿಲ್ಲ ಎಂದರೆ ಎಲ್ಲರಿಗೂ ಒಪ್ಪಿಗೆ ಇತ್ತು ಎಂದಲ್ಲ. ನಾವು ಕೇಳಿಯೇ ಇರಲಿಲ್ಲ.

ಈ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಮಾಡುವ ಹಾಗಿಲ್ಲ ಎನ್ನುತ್ತದೆ ಸಂವಿಧಾನದ 28ನೇ ವಿಧಿ. ನಮ್ಮದು ಅಂಥ ಶಾಲೆಯಲ್ಲ. ಕಟ್ಟಡ, ಆಡಳಿತ ಮಠದ್ದು. ಶಿಕ್ಷಕರ ಸಂಬಳಕ್ಕೆ ಸರ್ಕಾರದ ಅನುದಾನ ಬರುತ್ತದೆ. ಆದ್ದರಿಂದ ಇಲ್ಲಿ ಪ್ರಾರ್ಥನೆ, ಪೂಜೆ ನಡೆಸಲು ಅಡ್ಡಿಯಿಲ್ಲ. ಆದರೆ ಅದೇ ವಿಧಿಯ 3ನೇ ಭಾಗ ಇನ್ನೊಂದು ಮಾತು ಹೇಳುತ್ತದೆ. ಮಾನ್ಯತೆ ಪಡೆದ ಅಥವಾ ಅನುದಾನ ಪಡೆಯುವ ಶಾಲೆಯಲ್ಲಿ ಯಾರನ್ನೂ ಧರ್ಮಬೋಧನೆಗಾಗಲಿ ಪೂಜೆಗಾಗಲಿ ಕೂರಲೇಬೇಕು ಎನ್ನುವಂತಿಲ್ಲ. ಕೂರಿಸಬೇಕಾದರೆ ಒಪ್ಪಿಗೆ ಬೇಕು, ಮಕ್ಕಳಾದರೆ ಪೋಷಕರ ಒಪ್ಪಿಗೆ. ಇದು 1950ರಿಂದ ಜಾರಿಯಲ್ಲಿದೆ. ನಾವು ತಡವಾಗಿ ಪಾಲಿಸುತ್ತಿದ್ದೇವೆ, ಅಷ್ಟೇ.

"ಮಠ ಇಲ್ಲದಿದ್ದರೆ ಈ ಊರಲ್ಲಿ ಶಾಲೆಯೇ ಇರುತ್ತಿರಲಿಲ್ಲ" ಎಂದು ಹಿರಿಯರೊಬ್ಬರು ನೊಂದು ಹೇಳಿದರು. ನಿಜ. ನಾನೂ ಮಠದ ಹಾಸ್ಟೆಲಿನಲ್ಲಿ ಉಂಡು ಓದಿದವಳು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಇಂದಿಗೂ ಅನ್ನ, ಅಕ್ಷರ, ಆಶ್ರಯ ಪಡೆಯುತ್ತಿದ್ದಾರೆ. ಅಲ್ಲಿ ಜಾತಿ, ಧರ್ಮ ಕೇಳಿ ತಟ್ಟೆ ಇಡುವುದಿಲ್ಲ. ಮಠಗಳ ಋಣ ದೊಡ್ಡದು. ಆದರೆ ಆ ಋಣವನ್ನು ಒಂದು ಮಗುವಿನಿಂದ ಭಜನೆಯ ರೂಪದಲ್ಲಿ ವಸೂಲಿ ಮಾಡುವುದು ಸರಿಯೇ? ದಾಸೋಹ ಅಂದರೆ ಅದಲ್ಲ ಅಲ್ವಾ? ನಮ್ಮ ಮಠದ ಪೂಜ್ಯ ಶ್ರೀಗಳ ಮುಂದೆ ಈ ವಿಷಯ ಇಟ್ಟಾಗ ಅವರು ತಕ್ಷಣ ಒಪ್ಪಿದರು.

ಇನ್ನು ವಚನಗಳ ವಿಷಯ. ಬಸವಣ್ಣ, ಅಕ್ಕಮಹಾದೇವಿಯವರ ವಚನಗಳನ್ನು ಕಲಿಯುವುದಕ್ಕೆ ಒಪ್ಪಿಗೆ ಕೇಳುವುದಿಲ್ಲ. ಅದು ಕನ್ನಡ ಪಾಠ, ಎಲ್ಲರಿಗೂ. ಅಮೃತಸರದ ಗುರುನಾನಕ್ ವಿಶ್ವವಿದ್ಯಾಲಯದ ವಿಷಯದಲ್ಲಿ ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ: ಗುರುನಾನಕರ ಜೀವನ, ಬೋಧನೆಗಳನ್ನು ಅಧ್ಯಯನ ಮಾಡುವುದು ಧರ್ಮಬೋಧನೆ ಆಗುವುದಿಲ್ಲ. ಓದುವುದು ಬೇರೆ, ಪೂಜೆಗೆ ಕೂರುವುದು ಬೇರೆ.

"ಎಲ್ಲರೂ ಒಟ್ಟಿಗೆ ಮಾಡದಿದ್ದರೆ ಶಿಸ್ತು ಎಲ್ಲಿ ಉಳಿಯುತ್ತೆ?" ಎಂದೂ ಕೇಳಿದಿರಿ. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಮೂವರು ಒಡಹುಟ್ಟಿದ ಮಕ್ಕಳನ್ನು ಹೊರಹಾಕಿದ್ದರು. ಅವರು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಆದರೆ ತಮ್ಮ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. 1986ರಲ್ಲಿ ಸುಪ್ರೀಂ ಕೋರ್ಟ್ ಆ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದಿತು. ರಾಷ್ಟ್ರಗೀತೆಯ ವಿಷಯದಲ್ಲೇ ಹೀಗಿರುವಾಗ, ಸೋಮವಾರದ ಭಜನೆಗೆ ಒತ್ತಾಯ ಮಾಡಲು ನಾವು ಯಾರು?

ಮತ್ತೆ ಹೇಳುತ್ತೇನೆ, ಭಜನೆ ಇರುತ್ತದೆ. ನಿಮ್ಮ ಮಗು ಇಷ್ಟಪಟ್ಟು ಹಾಡುತ್ತಿದ್ದರೆ ಹಾಡಲಿ, ನಮಗೂ ಖುಷಿ. ಬೇಡ ಎನ್ನುವವರ ಮಕ್ಕಳು ಆ ಹೊತ್ತು ಗ್ರಂಥಾಲಯದಲ್ಲಿ ಕೂರುತ್ತಾರೆ, ಜೊತೆಗೆ ಒಬ್ಬ ಶಿಕ್ಷಕರು ಇರುತ್ತಾರೆ. ಅಂಕಗಳಿಗೆ, ಊಟಕ್ಕೆ, ಬಹುಮಾನಕ್ಕೆ ಇದರ ಸಂಬಂಧ ಇಲ್ಲ. ಪತ್ರದಲ್ಲಿ ಜಾತಿ, ಧರ್ಮ, ಕಾರಣ ಯಾವುದನ್ನೂ ಕೇಳಿಲ್ಲ. ನೀವೂ ಬರೆಯಬೇಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ. ವಾಟ್ಸಾಪ್ ಗುಂಪುಗಳಲ್ಲಿ "ಅದು ಯಾರ ಮಗು?" ಎಂದು ಹುಡುಕುವುದು ನಡೆದಿದೆ. ದಯವಿಟ್ಟು ಇವತ್ತೇ ನಿಲ್ಲಿಸಿ. ಆ ಮಗು ದಿನಾ ನಿಮ್ಮ ಮಕ್ಕಳ ಪಕ್ಕದಲ್ಲೇ ಕೂತು ಊಟ ಮಾಡುತ್ತದೆ.

ಒಪ್ಪಿಗೆ ಪತ್ರದಲ್ಲಿ "ಹೌದು" ಅಥವಾ "ಬೇಡ" ಎಂದು ಗುರುತು ಮಾಡಿ, ಸಹಿ ಹಾಕಿ, ಶನಿವಾರದ ಒಳಗೆ ಕಳಿಸಿಕೊಡಿ. ಓದಲು ತೊಂದರೆ ಇರುವವರು ಸಂಜೆ ನಾಲ್ಕೂವರೆಗೆ ಶಾಲೆಗೆ ಬನ್ನಿ, ನಾನೇ ಓದಿ ಹೇಳುತ್ತೇನೆ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ