ನೋಟಿಸ್ ಬಿದ್ದ ಮನೆಗೆ ಅಡ್ವಾನ್ಸ್ ಕೊಡುವ ಮುನ್ನ

ಮಾನ್ಯ ಸಂಪಾದಕರೇ,

ಕಲಬುರಗಿಯಲ್ಲಿ ಸೇಡಂ ರಸ್ತೆ, ಜೇವರ್ಗಿ ರಸ್ತೆ ಕಡೆ ಮನೆ ಹುಡುಕಲು ಹೊರಟರೆ ಏಜೆಂಟರು ಕಿವಿಯಲ್ಲಿ ಒಂದು ಮಾತು ಊದುತ್ತಾರೆ. 'ಬ್ಯಾಂಕಿನವರು ಹರಾಜು ಹಾಕೋ ಮನಿ ಅದ ರೀ ಸರ, ಅದಕ್ಕೂ ಮೊದಲೇ ಮಾಲಕರ ಹತ್ರ ಮುಗಿಸಿಬಿಡ್ರಿ, ಅಗ್ಗದಾಗ ಬರ್ತದ.'

ಅಗ್ಗಕ್ಕೆ ಆಸೆಪಡುವುದು ತಪ್ಪಲ್ಲ ಬಿಡಿ. ಆದರೆ ಸಾಲ ತೀರಿಸದವರು ಅಡವಿಟ್ಟ ಆಸ್ತಿಯನ್ನು ಬ್ಯಾಂಕು ವಶಕ್ಕೆ ತೆಗೆದುಕೊಂಡು ಮಾರಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, '60 ದಿನದೊಳಗೆ ಬಾಕಿ ಕಟ್ಟಿ' ಅಂತ ಬ್ಯಾಂಕಿನಿಂದ ನೋಟಿಸ್ ಬಂದ ಮೇಲೆ ಅದರ ಲಿಖಿತ ಒಪ್ಪಿಗೆ ಇಲ್ಲದೆ ಮಾಲೀಕ ಆ ಮನೆ ಮಾರುವ ಹಾಗಿಲ್ಲ, ಲೀಸಿಗೂ ಕೊಡುವ ಹಾಗಿಲ್ಲ. ಬಾಂಡ್ ಪೇಪರ್ ಮೇಲೆ ಕರಾರು ಬರೆಸಿ ನಾಲ್ಕು ಜನರ ಸಾಕ್ಷಿ ಹಾಕಿಸಿದರೂ ಬ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ.

ಸಂಬಂಧಿಕರ ಜೊತೆ ಒಂದು ಮನೆ ನೋಡಲು ಹೋಗಿದ್ದೆ. ನೆಲಕ್ಕೆ ಶಹಾಬಾದ್ ಕಲ್ಲು, ಅಂಗಳದಲ್ಲಿ ಬೇವಿನ ಮರ, ಎಲ್ಲ ಚೆಂದ. ಮುಂಬಾಗಿಲ ಮೇಲೆ ಮಾತ್ರ ಯಾವುದೋ ಕಾಗದ ಕಿತ್ತ ಗುರುತು, ಒಂದು ಮೂಲೆಯಲ್ಲಿ ಅರ್ಧ ಸೀಲು ಹಾಗೇ ಉಳಿದಿತ್ತು. ಕೇಳಿದರೆ ಏಜೆಂಟ್ 'ಅದು ಎಲೆಕ್ಷನ್ ಚೀಟಿ ರೀ' ಅಂದ! ಎಲೆಕ್ಷನ್ ಚೀಟಿಗೆ ಬ್ಯಾಂಕಿನ ಸೀಲು ಎಲ್ಲಿಂದ ಬರಬೇಕು?

'ಇಸಿ ಕ್ಲೀನ್ ಅದ' (ಇಸಿ ಅಂದರೆ ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ, ಸಾಲಗಳನ್ನು ತೋರಿಸುವ ಋಣಭಾರ ಪತ್ರ) ಅನ್ನುವ ಮಾತನ್ನೂ ನಂಬಿ ಕೂರಬೇಡಿ. ಮನೆ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಎಷ್ಟೋ ಸಲ ಇಸಿಯಲ್ಲಿ ಕಾಣುವುದಿಲ್ಲ. ಆಸ್ತಿ ಅಡವಿಟ್ಟು ಪಡೆದ ಸಾಲಗಳನ್ನು ದಾಖಲಿಸುವ ಸರ್ಸಾಯ್ (CERSAI) ಅನ್ನುವ ಕೇಂದ್ರ ನೋಂದಣಿಯಲ್ಲಿ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು, ಆದರೆ ಇದನ್ನು ಏಜೆಂಟರು ಹೇಳುವುದಿಲ್ಲ.

ಕೊಳ್ಳಲೇಬೇಕು ಅಂದರೆ ಮಾಲೀಕರನ್ನು ಕರೆದುಕೊಂಡೇ ಬ್ಯಾಂಕಿಗೆ ಹೋಗಿ. ಬಾಕಿ ಎಷ್ಟು ಅಂತ ಬರೆಸಿಕೊಳ್ಳಿ, ಒಪ್ಪಿಗೆ ಪತ್ರ ಪಡೆಯಿರಿ, ಹಣವನ್ನು ಮಾಲೀಕರ ಕೈಗೆ ಕೊಡದೆ ನೇರ ಸಾಲದ ಖಾತೆಗೇ ಕಟ್ಟಿ. ಅದೂ ಹರಾಜು ನೋಟಿಸ್ ಪ್ರಕಟವಾಗುವ ಮುಂಚೆ. 2016ರ ತಿದ್ದುಪಡಿಯಿಂದಾಗಿ, ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಮಾಲೀಕನಿಗೆ ಇರುವುದು ಅಲ್ಲಿಯವರೆಗೆ ಮಾತ್ರ. ಸುಪ್ರೀಂ ಕೋರ್ಟ್ ಕೂಡ 2023ರಲ್ಲಿ ಇದನ್ನೇ ಹೇಳಿದೆ.

ಇನ್ನು ನಿಮ್ಮಲ್ಲೂ ಒಂದು ಮಾತು ಕೇಳಬೇಕು. ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಂಡಿದೆ ಅಂತ ತಿಳಿಸುವ ಸ್ವಾಧೀನದ ನೋಟಿಸನ್ನು ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ಹಾಕಬೇಕು ಅಂತ ನಿಯಮ ಇರುವುದು ಜನ ಓದಲಿ ಅಂತಲೇ ಅಲ್ವಾ? ಪುಟದ ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಅಚ್ಚಾದ ಆ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡರೂ ಓದಲು ಆಗುತ್ತಿಲ್ಲ. ಪೂರ್ತಿ ನೋಟಿಸಿಗೆ ಜಾಗ ಇಲ್ಲದಿದ್ದರೆ ಬಡಾವಣೆಯ ಹೆಸರು, ಮನೆ ನಂಬರನ್ನಾದರೂ ಬ್ಯಾಂಕಿನವರಿಗೆ ಹೇಳಿ ದಪ್ಪ ಅಕ್ಷರದಲ್ಲಿ ಹಾಕಿಸಿ.

– ಒಬ್ಬ ಓದುಗ, ಕಲಬುರಗಿ